ಆ ಕೈ ಅಲ್ಲೇ ಇರಲಿ

ಹತ್ತು ದಿನದ ಕೂಸಿನ ಮುಖ ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಹೆತ್ತವಳಿಗೆ ಆಗ ಹಗಲು ಯಾವುದು, ರಾತ್ರಿ ಯಾವುದು ತಿಳಿಯದ ನಿದ್ದೆಗೇಡು. ಮನೆಯ ಉಳಿದವರಿಗೆ ಕೈತುಂಬ ಕೆಲಸ. ಈ ಗಡಿಬಿಡಿಯೊಳಗೆ ಕೂಸಿನ ಊದಿದ ರೆಪ್ಪೆ ಇಳಿಯುತ್ತದೆ, ಹೆರಿಗೆಯ ಒತ್ತಡಕ್ಕೆ ಉದ್ದವಾಗಿದ್ದ ತಲೆ ದುಂಡಗಾಗುತ್ತದೆ, ಭುಜದ ಮೇಲಿನ ನವಿರು ರೋಮ ಉದುರುತ್ತದೆ, ಮೂಗಿನ ತುದಿಯ ಬಿಳಿ ಚುಕ್ಕೆಗಳು ಮಾಯವಾಗುತ್ತವೆ. ಮೂರು ತಿಂಗಳ ಹೊತ್ತಿಗೆ ತೊಟ್ಟಿಲಲ್ಲಿ ಕೈಕಾಲು ಬಡಿದು ನಗುವುದು ಬೇರೆಯದೇ ಕೂಸು. ನಾನೂ ಇಬ್ಬರು ಹೆಣ್ಣುಮಕ್ಕಳನ್ನು ಹೆತ್ತವಳು. ಅವರ ಮೊದಲ ವಾರವನ್ನು ನೆನೆಯಲು ಕೂತರೆ ಹಾಲಿನ ವಾಸನೆ ಬರುತ್ತದೆ, ಬಜೆ ತೇಯ್ದ ವಾಸನೆ ಬರುತ್ತದೆ, ಹಸಿ ಗೋಡೆಯ ಮೇಲೆ ಒಣಗಲು ಹಾಕಿದ ಲಂಗೋಟಿಗಳು ಕಣ್ಣ ಮುಂದೆ ಬರುತ್ತವೆ. ಅವರ ಮುಖ ಮಾತ್ರ ಬರುವುದಿಲ್ಲ.

ನಮ್ಮ ಕಾಲದಲ್ಲಿ ಅಷ್ಟು ಎಳೆಯ ಕೂಸಿನ ಫೋಟೋ ತೆಗೆಯುತ್ತಿರಲಿಲ್ಲ. ತೆಗೆದರೆ ಆಯುಷ್ಯ ಕಡಿಮೆಯಾಗುತ್ತದೆ ಅನ್ನುವವರಿದ್ದರು, ದೃಷ್ಟಿಯಾಗುತ್ತದೆ ಅನ್ನುವವರಿದ್ದರು. ಜಾವಳ ತೆಗೆಸಿದ ಮೇಲೆ ಬೋಳುತಲೆಗೆ ಗಂಧ ಹಚ್ಚಿ ಸ್ಟುಡಿಯೋಗೆ ಕರೆದುಕೊಂಡು ಹೋಗಿ, ಬಣ್ಣದ ಪರದೆಯ ಮುಂದೆ ಕೂರಿಸಿ ತೆಗೆಸಿದ್ದೇ ಮೊದಲ ಫೋಟೋ. ಆ ಹಿರಿಯರನ್ನು ನಾನು ಹಳಿಯಲಾರೆ. ಹತ್ತು ಹೆತ್ತು ನಾಲ್ಕನ್ನು ಕಳೆದುಕೊಂಡ ಮನೆಗಳವು. ಕೂಸು ಉಳಿಯುತ್ತದೆ ಎಂಬ ಭರವಸೆ ಬರುವ ತನಕ ಅದರ ಇರವನ್ನು ಲೋಕಕ್ಕೆ ಸಾರಲು ಅವರಿಗೆ ಧೈರ್ಯವಿರಲಿಲ್ಲ. ಐದನೇ ರಾತ್ರಿ ಸಟವಿ ಬಂದು ಹಣೆಬರಹ ಬರೆಯುತ್ತಾಳೆಂದು ಹಾಳೆ, ಲೇಖನಿ ಇಟ್ಟು ಪೂಜೆ ಮಾಡುತ್ತಿದ್ದರು. ಮೊದಲ ಬರಹ ಅವಳದೇ ಆಗಬೇಕು, ಅಲ್ಲಿಯವರೆಗೆ ಮನುಷ್ಯರು ಏನನ್ನೂ ಗುರುತು ಹಾಕಿಕೊಳ್ಳಬಾರದು ಎಂಬ ಅಂಜಿಕೆ ಆ ನಂಬಿಕೆಯೊಳಗೆ ಇತ್ತೆಂದು ನನಗೆ ತೋರುತ್ತದೆ.

ಈಗ ಹುಬ್ಬಳ್ಳಿ-ಧಾರವಾಡದಂಥ ಊರುಗಳಲ್ಲೂ ಹಸುಗೂಸಿನ ಫೋಟೋ ತೆಗೆಯುವುದನ್ನೇ ಕಸುಬಾಗಿಸಿಕೊಂಡ ಹುಡುಗಿಯರಿದ್ದಾರೆ. ನಮ್ಮ ಹಿರಿಮಗಳು ಬಾಣಂತನಕ್ಕೆ ಬಂದಾಗ ಅಂಥ ಒಬ್ಬಳು ಮನೆಗೆ ಬಂದಿದ್ದಳು. ಅವಳು ಬರುವ ಮುಂಚೆ ನಡೆದ ತಯಾರಿ ನನಗೆ ಬಹಳ ಕಲಿಸಿತು. ಹೊರಗಿನಿಂದ ನೋಡುವವರಿಗೆ ಈ ಫೋಟೋ ಅಂದರೆ ಬುಟ್ಟಿ, ಹೂವಿನ ಕಿರೀಟ, ಉಣ್ಣೆಯ ಟೊಪ್ಪಿಗೆ. ಒಳಗೆ ಇದ್ದವರಿಗೆ ಗೊತ್ತು, ಅದು ಕಾವು, ಹಾಲು, ನಿದ್ದೆ ಮತ್ತು ಬೆಳಕಿನ ಲೆಕ್ಕ.

ಮೊದಲು ದಿನದ ಮಾತು. ಕೂಸು ಹುಟ್ಟಿದ 5ನೇ ದಿನದಿಂದ 14ನೇ ದಿನದೊಳಗೆ ಫೋಟೋ ತೆಗೆಯಬೇಕೆಂದು ಈ ಕಸುಬಿನವರು ಹೇಳುತ್ತಾರೆ. ಆಗ ಕೂಸು ದಿನಕ್ಕೆ 16–17 ಗಂಟೆ ಮಲಗುತ್ತದೆ. ನಿದ್ದೆ ಗಾಢವಾಗಿರುತ್ತದೆ, ಗರ್ಭದಲ್ಲಿ ಮುದುಡಿಕೊಂಡಿದ್ದ ಅಭ್ಯಾಸ ಮೈಯಲ್ಲಿ ಇನ್ನೂ ಉಳಿದಿರುತ್ತದೆ. ಎರಡು ವಾರ ದಾಟಿದರೆ ಕೈಕಾಲು ಚಾಚುತ್ತದೆ, ಹೊಟ್ಟೆನುಲಿತದ ಅಳು ಶುರುವಾಗುತ್ತದೆ, ಕೆನ್ನೆಯ ಮೇಲೆ ಕೆಂಪು ಗುಳ್ಳೆ ಏಳುತ್ತವೆ. ಆದರೆ ನಮ್ಮ ಮನೆಗಳಲ್ಲಿ ಮೊದಲ ಹತ್ತು ದಿನ ಪುರುಡು. ಹೊರಗಿನವರು ಬಾಣಂತಿಕೋಣೆಗೆ ಕಾಲಿಡುವಂತಿಲ್ಲ. ನಮ್ಮ ಅತ್ತೆ ಈ ವಿಷಯದಲ್ಲಿ ಅಲುಗಲಿಲ್ಲ. 'ತೊಟ್ಟಿಲಕ್ಕ ಹಾಕಿದ ಮ್ಯಾಲ ಏನರ ಮಾಡ್ರಿ, ಅದರ ಮೊದಲ ಬ್ಯಾಡ' ಅಂದರು. ತೊಟ್ಟಿಲ ಶಾಸ್ತ್ರದ ಮರುದಿನ ಎಂದು ಗೊತ್ತು ಮಾಡಿದೆವು. ಹದಿನಾಲ್ಕರ ಗಡಿಯೊಳಗೇ ಬಂತು. ಹಿರಿಯರ ಪುರುಡಿನಿಂದ ಒಂದು ಉಪಕಾರವೂ ಆಯಿತು. ಹೆರಿಗೆಯಾದ ಮೂರನೇ, ನಾಲ್ಕನೇ ದಿನಗಳಲ್ಲಿ ಬಾಣಂತಿಗೆ ಕಾರಣವಿಲ್ಲದೆ ಅಳು ಬರುತ್ತದೆ. ಹಾಲು ಇಳಿಯುವ ನೋವು, ಹೊಲಿಗೆಯ ನೋವು, ಮೈಯ ರಸಗಳ ಏರಿಳಿತ ಎಲ್ಲ ಒಟ್ಟಿಗೆ ಬರುವ ದಿನಗಳವು. ಆಗ ಕ್ಯಾಮೆರಾ ಹಿಡಿದು ಯಾರೂ ಎದುರು ನಿಲ್ಲಬಾರದು.

ಆ ಹುಡುಗಿ ಫೋನಿನಲ್ಲಿ ಬಟ್ಟೆಯ ಬಣ್ಣ ಕೇಳುವಳೆಂದು ನಾವು ಕಾದಿದ್ದೆವು. ಅವಳು ಕೇಳಿದ್ದು ಕೂಸಿನ ತೂಕ. ಹುಟ್ಟಿದ ಕೂಸು ಮೊದಲ ದಿನಗಳಲ್ಲಿ ತೂಕ ಇಳಿಯುತ್ತದೆ, ಹತ್ತನೇ ಒಂದು ಭಾಗದ ತನಕವೂ ಇಳಿಯಬಹುದು. ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಬೇಕು. ಮರಳದಿದ್ದರೆ ಫೋಟೋ ಮುಂದಕ್ಕೆ ಹಾಕೋಣ, ಮೊದಲು ಡಾಕ್ಟರಿಗೆ ತೋರಿಸಿ ಅಂದಳು. ಆಮೇಲೆ ಕಾಮಾಲೆಯ ವಿಚಾರ. ಅವಧಿ ತುಂಬಿ ಹುಟ್ಟಿದ ಕೂಸುಗಳಲ್ಲೂ ಅರ್ಧಕ್ಕಿಂತ ಹೆಚ್ಚಿನವಕ್ಕೆ ಮೊದಲ ವಾರ ಮೈ ಹಳದಿಯಾಗುತ್ತದೆ, ಬಹುಪಾಲು ತಾನಾಗಿಯೇ ಇಳಿಯುತ್ತದೆ. ಆದರೆ ಹಳದಿ ಅಂಗಾಲಿನ ತನಕ ಹಬ್ಬಿ, ಕೂಸು ಹಾಲು ಬಿಟ್ಟು ಸುಮ್ಮನೆ ಮಲಗಿಯೇ ಇದ್ದರೆ ಅದು ಅಪಾಯ. 'ಏನ್ ಶಾಣ್ಯಾ ಕೂಸು, ಅಳೂದs ಇಲ್ಲ' ಎಂದು ಖುಷಿಪಡುವ ಮಾತಲ್ಲ. ಫೋಟೋ ತೆಗೆಯುವವರಿಗೆ ಮಲಗಿದ ಕೂಸೇ ಬೇಕು. ಅಂಥವರೇ ಈ ಮಾತು ಎತ್ತಿದ್ದು ಕಂಡು ನನಗೆ ಅವಳ ಮೇಲೆ ವಿಶ್ವಾಸ ಬಂತು. ಇಂಥ ಫೋಟೋಕ್ಕೆ ಯಾರನ್ನು ಕರೆಯಬೇಕು ಎಂದು ನನ್ನನ್ನು ಕೇಳುವವರಿಗೆ ನಾನು ಕೊಡುವ ಗುರುತು ಇದೊಂದೇ: ಮೊದಲ ಪ್ರಶ್ನೆ ಕೂಸಿನ ಆರೋಗ್ಯದ್ದಾಗಿರಬೇಕು.

ಇನ್ನು ಎರೆಯುವ ಆಯಿ. ನಮ್ಮ ಓಣಿಯ ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆನೀರು ಎರೆಯುವವಳು ಅವಳೇ. ಕಾಲು ಚಾಚಿ ಕೂತು, ಮೊಳಕಾಲ ಮೇಲೆ ಕೂಸನ್ನು ಹಾಕಿಕೊಂಡು, ಅಂಗೈಯಿಂದ ನೀರನ್ನು ಸೋಸಿ ಬಿಡುವ ಅವಳ ಕೈಯನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ. ಎಣ್ಣೆ ಹಚ್ಚಿದರೆ ಚರ್ಮ ಹೊಳೆದು ಬೆಳಕು ಒಡೆಯುತ್ತದೆ, ಆ ದಿನ ಎಣ್ಣೆ ಬೇಡ ಎಂದು ಫೋಟೋದ ಹುಡುಗಿ ಹೇಳಿದ್ದಳು. ಆಯಿ ಒಪ್ಪಲಿಲ್ಲ. ಎಣ್ಣೆ ಇಲ್ಲದೆ ಎರೆದರೆ ಕೂಸು ಮೈ ಮುರಿದು ಮಲಗುವುದಿಲ್ಲ ಎಂಬುದು ಅವಳ ವಾದ. ಕೊನೆಗೆ ಹಿಂದಿನ ದಿನ ಸಂಜೆ ಎಣ್ಣೆ ಹಚ್ಚಿ ತೀಡುವುದು, ಆ ದಿನ ಬೆಳಗ್ಗೆ ಬರಿ ಬೆಚ್ಚನೆ ನೀರು ಮತ್ತು ಕಡಲೆಹಿಟ್ಟು ಎಂದಾಯಿತು. ಸಾಂಬ್ರಾಣಿ ಹೊಗೆಯನ್ನು ಕೂಸಿಗೆ ಕೊಡುವುದನ್ನು ನಾವು ಮೊದಲ ದಿನದಿಂದಲೇ ಬಿಟ್ಟಿದ್ದೆವು. ಎಳೆಯ ಶ್ವಾಸಕೋಶಕ್ಕೆ ಯಾವ ಹೊಗೆಯೂ ಒಳ್ಳೆಯದಲ್ಲ. ಬೆಳಗಿನ ನೀರಾಯಿತು, ಮಗಳು ಹೊಟ್ಟೆ ತುಂಬ ಹಾಲು ಕುಡಿಸಿದಳು, ಬೆನ್ನು ಸವರಿ ತೇಗು ಬರಿಸಿದೆವು. ಕೂಸು ಹಾಗೇ ಒರಗಿತು. ಮುಂದಿನ ಎರಡು ತಾಸು ತೆಗೆದ ಚಿತ್ರಗಳಿಗೆಲ್ಲ ಆ ಬೆಳಗಿನ ನೀರೇ ಆಧಾರ. ಅಂದು ಆಯಿ ಇಲ್ಲದಿದ್ದರೆ ಕ್ಯಾಮೆರಾ ಎಷ್ಟು ಬೆಲೆಯದಿದ್ದರೂ ಉಪಯೋಗಕ್ಕೆ ಬರುತ್ತಿರಲಿಲ್ಲ.

ಧಾರವಾಡದ ಶ್ರಾವಣ. ಹೊರಗೆ ಜಿಟಿಜಿಟಿ ಮಳೆ, ಗೋಡೆಯೆಲ್ಲ ತಂಪು. ಬರಿಮೈಯ ಕೂಸಿಗೆ ಕೋಣೆ 26–28 ಡಿಗ್ರಿ ಇರಬೇಕು. ಹೆರಿಗೆ ಕೋಣೆಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ 25ರಿಂದ 28. ಹಸುಗೂಸಿಗೆ ನಡುಗಿ ಮೈ ಬಿಸಿ ಮಾಡಿಕೊಳ್ಳುವ ಶಕ್ತಿ ಬಂದಿರುವುದಿಲ್ಲ, ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ಹರವು ದೊಡ್ಡದು, ಕಾವು ಬೇಗ ಸೋರಿಹೋಗುತ್ತದೆ. ಹಿಂದಿನವರು ಬಾಣಂತಿಯ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಗೆ ಇಡುತ್ತಿದ್ದರು. ಅವರ ಉದ್ದೇಶ ಸರಿ, ಆದರೆ ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ವಿಷಾನಿಲ ಜೀವ ತೆಗೆಯಬಲ್ಲದು. ನಾವು ಎಣ್ಣೆ ತುಂಬಿದ ವಿದ್ಯುತ್ ಹೀಟರನ್ನು ಕೂಸಿನಿಂದ ದೂರದಲ್ಲಿಟ್ಟು ಒಂದು ತಾಸು ಮೊದಲೇ ಹಚ್ಚಿದೆವು. ಕೆಲಸ ಮಾಡುವ ಹುಡುಗಿಯ ಹಣೆಯಲ್ಲಿ ಬೆವರು ಮೂಡಿದಾಗ ಅವಳೇ ಹೇಳಿದಳು, 'ಈಗ ಕೂಸಿಗೆ ಸರಿ ಆಗಿರತೈತಿ.'

ಬೆಳಕಿಗೆ ಅವಳು ಆರಿಸಿಕೊಂಡದ್ದು ಪಡಸಾಲೆಯ ಉತ್ತರದ ಕಿಟಕಿ. ಬಿಸಿಲು ನೇರ ಬೀಳದ, ದಿನವಿಡೀ ಒಂದೇ ಸಮನಾಗಿರುವ ಬೆಳಕು ಅದು. ಒಂದು ಬಿಳಿ ಪಂಚೆಯನ್ನು ಕಿಟಕಿಗೆ ಇಳಿಬಿಟ್ಟಳು. ಕೂಸಿನ ನೆತ್ತಿಯ ಕಡೆಯಿಂದ ಓರೆಯಾಗಿ ಬೆಳಕು ಕೆಳಗಿಳಿಯುವಂತೆ ಮಲಗಿಸಿದಳು. ಗದ್ದದ ಕಡೆಯಿಂದ ಬಂದರೆ ಮುಖದ ನೆರಳು ತಲೆಕೆಳಗಾಗಿ, ನೋಡಿದರೆ ಅಂಜಿಕೆ ಬರುವಂತಾಗುತ್ತದೆ. ಕೂಸು ಒಮ್ಮೆ ಕಣ್ಣು ತೆರೆದಾಗ ಅವಳು ಕ್ಯಾಮೆರಾ ಬಿಟ್ಟು ಮಗಳನ್ನು ಕರೆದು ಹತ್ತಿರ ಬಾಗಲು ಹೇಳಿದಳು. ಹುಟ್ಟಿದ ಕೂಸಿಗೆ ಸ್ಪಷ್ಟವಾಗಿ ಕಾಣುವುದು 20–30 ಸೆಂಟಿಮೀಟರು ಮಾತ್ರ, ಮೊಲೆಯಿಂದ ತಾಯಿಯ ಮುಖಕ್ಕಿರುವ ದೂರ. ಆ ದೂರದಲ್ಲಿ ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿದ ಚಿತ್ರ ನಮ್ಮ ಮನೆಯಲ್ಲಿದೆ.

ಬಟ್ಟೆಯ ವಿಷಯ ಬೇಗ ಮುಗಿಸುತ್ತೇನೆ. ಅವಳು ಕೃತಕ ತುಪ್ಪಳದ ಹಾಸು ತಂದಿದ್ದಳು, ಅದರ ಎಳೆ ಮೂಗಿಗೆ ಹೋದೀತೆಂಬ ಭಯ ನನಗೆ. ನಾನು ನಮ್ಮವ್ವ ಹೊಲಿದ ಕೌದಿ ತೆಗೆದುಕೊಟ್ಟೆ. ಹಳೆ ಇಳಕಲ್ ಸೀರೆ, ಅಪ್ಪನ ಧೋತರ, ನಮ್ಮ ಲಂಗಗಳ ತುಂಡು ಎಲ್ಲ ಅದರಲ್ಲಿವೆ. ವಾಸನೆಯ ಸೋಪು ಹಾಕದೆ ಒಗೆದು, ಮಳೆ ಬಿಟ್ಟ ಒಂದು ಮಧ್ಯಾಹ್ನ ಬಿಸಿಲಿಗೆ ಹಾಕಿಟ್ಟಿದ್ದೆವು. ಸುತ್ತಲು ಹಳೆಯ ಮಲ್ ಬಟ್ಟೆ. ಕೂಸು ನಿದ್ದೆಯಲ್ಲಿ ಬೆಚ್ಚಿ ಎರಡೂ ಕೈ ಹರಡುವುದು ಸಹಜ, ಸುತ್ತಿದರೆ ಬೆಚ್ಚುವುದು ಕಡಿಮೆ. ಆದರೆ ಕಾಲುಗಳನ್ನು ನೆಟ್ಟಗೆ ಎಳೆದು ಬಿಗಿಯಾಗಿ ಸುತ್ತಬಾರದು, ಸೊಂಟದ ಕೀಲಿಗೆ ಕೇಡು. ಕಪ್ಪೆಗಾಲು ಮಡಚಿಕೊಳ್ಳಲು ಒಳಗೆ ಜಾಗ ಬಿಡಬೇಕು. ಕಾಡಿಗೆಯನ್ನು ಕಣ್ಣಿಗೆ ಹಚ್ಚಬೇಡಿರೆಂದು ಡಾಕ್ಟರು ಹೇಳಿದ್ದರು, ಅದರಲ್ಲಿ ಸೀಸ ಇರಬಹುದು. ಅತ್ತೆ ದೃಷ್ಟಿಬೊಟ್ಟನ್ನು ಅಂಗಾಲಿಗೆ ಇಟ್ಟರು. ಅಂಗಾಲಿನ ಚಿತ್ರದಲ್ಲಿ ಆ ಬೊಟ್ಟು ಬಂದಿದೆ, ಅಳಿಸಲೇ ಎಂದು ಹುಡುಗಿ ಕೇಳಿದಾಗ ಎಲ್ಲರೂ ಒಟ್ಟಿಗೆ ಬೇಡ ಅಂದೆವು.

ಈಗ ನನ್ನ ಮನಸ್ಸಿನಲ್ಲಿರುವ ಮುಖ್ಯ ಮಾತಿಗೆ ಬರುತ್ತೇನೆ. ಕೂಸು ಎರಡೂ ಕೈಯ ಮೇಲೆ ಗದ್ದ ಊರಿ, ಮೊಣಕೈ ನೆಲಕ್ಕೆ ಕೊಟ್ಟು ಕೂತಂತೆ ಮಲಗಿರುವ ಚಿತ್ರವನ್ನು ನೀವೂ ನೋಡಿರುತ್ತೀರಿ. ಅಳಿಯ ಮೊಬೈಲಿನಲ್ಲಿ ತೋರಿಸಿ ಇಂಥದೊಂದು ಬೇಕು ಅಂದ. ಅದನ್ನು ಮಾಡುವ ಬಗೆಯನ್ನು ಹುಡುಗಿ ವಿವರಿಸಿದಳು. ಹತ್ತು ದಿನದ ಕೂಸಿನ ಕುತ್ತಿಗೆಗೆ ತಲೆಯ ಭಾರ ಹೊರುವ ಬಲವಿಲ್ಲ. ಗದ್ದ ಎದೆಗೆ ಒತ್ತಿದರೆ ಎಳೆಯ ಶ್ವಾಸನಾಳ ಮಡಚಿಹೋಗುತ್ತದೆ. ಅದಕ್ಕೇ ಒಂದು ಚಿತ್ರ ತೆಗೆಯುವಾಗ ಒಬ್ಬರು ಕೂಸಿನ ತಲೆಯನ್ನು ಮೇಲಿನಿಂದ ಹಿಡಿದಿರುತ್ತಾರೆ. ಇನ್ನೊಂದು ಚಿತ್ರ ತೆಗೆಯುವಾಗ ಅದರ ಮುಂಗೈಗಳನ್ನು ಹಿಡಿದಿರುತ್ತಾರೆ. ಆಮೇಲೆ ಕಂಪ್ಯೂಟರಿನಲ್ಲಿ ಎರಡನ್ನೂ ಕೂಡಿಸಿ ಹಿಡಿದವರ ಕೈಯನ್ನು ಅಳಿಸುತ್ತಾರೆ. ಕೂಸು ತಾನೇ ಕೂತಂತೆ ಕಾಣುತ್ತದೆ. ಇದು ತಿಳಿಯದೆ ಒಂದೇ ಸಲಕ್ಕೆ ಹಾಗೆ ಕೂರಿಸಲು ಹೋಗುವುದು ಕೂಸಿನ ಜೀವದ ಜೊತೆ ಆಟ. ಮನೆಯಲ್ಲಿ ಯಾರೂ ಅದನ್ನು ಪ್ರಯತ್ನಿಸಬಾರದು.

ಕೈಯನ್ನು ಅಳಿಸುತ್ತಾರೆ ಎಂಬ ಮಾತು ನನ್ನೊಳಗೆ ಚುಚ್ಚಿ ನಿಂತಿತು. ಹಿಡಿದವರನ್ನು ಮರೆಮಾಡುವುದು ಹೊಸತೇನಲ್ಲ. ಹತ್ತೊಂಬತ್ತನೇ ಶತಮಾನದ ಯುರೋಪು, ಅಮೆರಿಕಗಳಲ್ಲಿ ಒಂದು ಚಿತ್ರ ಮೂಡಲು ಹಲವು ಸೆಕೆಂಡು ಬೇಕಾಗುತ್ತಿತ್ತು. ಅಷ್ಟು ಹೊತ್ತು ಕೂಸು ಅಲುಗದಿರಲು ತಾಯಿ ಮೈತುಂಬ ಬಟ್ಟೆ ಹೊದ್ದು ಕುರ್ಚಿಯಾಗಿ, ಪರದೆಯಾಗಿ ಹಿಂದೆ ಕೂತು ಕೂಸನ್ನು ಹಿಡಿದಿರುತ್ತಿದ್ದಳು. ಕೂಸೊಂದೇ ಕಾಣಬೇಕು, ಹೆತ್ತವಳು ಕಾಣಬಾರದು. ಇಟಲಿಯ ಕಲಾವಿದೆ ಲಿಂಡಾ ಫ್ರೆನ್ಯಿ ನಾಗ್ಲರ್ ಅಂಥ ಸಾವಿರದ ಹತ್ತಿರ ಚಿತ್ರಗಳನ್ನು ಕಲೆಹಾಕಿ 2013ರ ವೆನಿಸ್ ಬಿನಾಲೆಯಲ್ಲಿ ಪ್ರದರ್ಶಿಸಿದರು. ಆ ಚಿತ್ರಗಳನ್ನು ನೋಡುವವರ ಕಣ್ಣು ಈಗ ಕೂಸಿನ ಮೇಲೆ ನಿಲ್ಲುವುದಿಲ್ಲ, ಬಟ್ಟೆಯಡಿಯ ಹೆಂಗಸಿನ ಮೇಲೆಯೇ ನಿಲ್ಲುತ್ತದೆ. ಆಗ ಬಟ್ಟೆ ಹೊದಿಸುತ್ತಿದ್ದರು, ಈಗ ಕಂಪ್ಯೂಟರಿನಲ್ಲಿ ಅಳಿಸುತ್ತಾರೆ. ಕೂಸನ್ನು ಹಿಡಿದವಳಿಗೆ ಎರಡು ಕಾಲದಲ್ಲೂ ಚಿತ್ರದಲ್ಲಿ ಜಾಗವಿಲ್ಲ.

ಹೂವಿನ ಕುಂಡದಲ್ಲಿ, ಎಲೆಕೋಸಿನ ನಡುವೆ ಕೂಸುಗಳನ್ನು ಕೂರಿಸಿ ಫೋಟೋ ತೆಗೆದು ಲೋಕಪ್ರಸಿದ್ಧರಾದವರು ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಆ್ಯನ್ ಗೆಡ್ಡಿಸ್. 1996ರಲ್ಲಿ ಅವರ ಪುಸ್ತಕ ಬಂತು, ಆ ಚಿತ್ರಗಳು ಕ್ಯಾಲೆಂಡರುಗಳಾಗಿಯೂ ಎಲ್ಲೆಡೆ ಹಬ್ಬಿದವು. ಇವತ್ತಿನ ಬುಟ್ಟಿ, ಟೊಪ್ಪಿಗೆಗಳಿಗೆಲ್ಲ ಅಲ್ಲಿಯ ನಂಟಿದೆ. ಆದರೆ ಅವರದೇ ಒಂದು ಚಿತ್ರ, ಅವಧಿಗೆ ಮೊದಲೇ ಹುಟ್ಟಿದ ಮನೀಷಾ ಎಂಬ ಕೂಸು ಜ್ಯಾಕ್ ಎಂಬ ಗಂಡಸಿನ ಎರಡು ದೊಡ್ಡ ಕೈಗಳ ಬೊಗಸೆಯಲ್ಲಿ ಮಲಗಿರುವುದು, 1993ರದ್ದು. ಅದರಲ್ಲಿ ಹೂವಿಲ್ಲ, ಕುಂಡವಿಲ್ಲ. ಕೂಸು ಎಷ್ಟು ಚಿಕ್ಕದು, ಎಷ್ಟು ಬದುಕಲು ಹವಣಿಸುತ್ತಿದೆ ಎಂದು ಗೊತ್ತಾಗುವುದು ಆ ಕೈಗಳಿಂದಲೇ. ಅವರ ಎಲ್ಲ ಚಿತ್ರಗಳಲ್ಲಿ ನನಗೆ ಹಿಡಿಸಿದ್ದು ಅದು. ನಮ್ಮ ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಮಕ್ಕಳ ಚಿತ್ರ ತೆಗೆದದ್ದೂ ಅವರು ಇದ್ದಲ್ಲೇ, ಇದ್ದ ಹಾಗೇ. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಆ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು.

ಅಳಿಯನಿಗೆ ನಾನು ಹೇಳಿದೆ, ಕೂಸು ಒಂಟಿಯಾಗಿ ಕೂತ ಚಿತ್ರ ಬೇಡಪ್ಪ, ಅದನ್ನು ಹಿಡಿದಿರುವವರ ಚಿತ್ರ ಬೇಕು. ಹುಡುಗಿಗೂ ಮಾತು ಹಿಡಿಸಿತು. ಆದರೆ ಬಾಣಂತಿಯೇ ಒಪ್ಪಲಿಲ್ಲ. ಮಗಳ ಕಾಲು ಊದಿದ್ದವು, ಕಣ್ಣಡಿ ಕಪ್ಪಾಗಿತ್ತು, ಕಿವಿಗೆ ಅರಳೆ, ತಲೆಗೆ ಸ್ಕಾರ್ಫು, ರವಿಕೆಯ ಮೇಲೆ ಹಾಲಿನ ಕಲೆ. 'ನಾ ಹೆಂಗ ಕಾಣಾಕತ್ತೇನಿ ನೋಡವ್ವಾ, ನನ್ನ ಬಿಡ್ರಿ, ಕೂಸಿಂದಷ್ಟ ತಗೀರಿ' ಅಂದಳು. ಅವಳನ್ನು ಸಿಂಗರಿಸುವುದೇ ಪರಿಹಾರವೆಂದು ನನಗೆ ಅನ್ನಿಸಲಿಲ್ಲ. ಹೊಲಿಗೆ ಇನ್ನೂ ಹಸಿ ಇರುವವಳಿಗೆ ಬೇಕಾದದ್ದು ಬೆನ್ನಿಗೆ ಎರಡು ದಿಂಬು, ಒಂದು ಲೋಟ ಬಿಸಿ ಅಳವಿ ಪಾಯಸ, ಸಾಕೆನಿಸಿದಾಗ ಸಾಕು ಅನ್ನುವ ಹಕ್ಕು. ಮೂರೂ ಕೊಟ್ಟೆವು. ಬಣ್ಣ ಮಾಸಿದ ಹತ್ತಿ ಸೀರೆಯಲ್ಲೇ ಕೂತಳು. ಹುಡುಗಿ ನಗಿ ಅನ್ನಲಿಲ್ಲ, ಈ ಕಡೆ ನೋಡಿ ಅನ್ನಲಿಲ್ಲ. ಮಗಳು ಕೂಸಿಗೆ ಹಾಲು ಕುಡಿಸಿದಳು, ಹೆಗಲ ಮೇಲೆ ಹಾಕಿಕೊಂಡು ಬೆನ್ನು ತಟ್ಟಿದಳು. ಚಿತ್ರ ತಾನಾಗಿ ಆಯಿತು.

ಎರೆಯುವ ಆಯಿಯನ್ನೂ ಕರೆದೆವು. ಅವಳ ಮೊಳಕಾಲ ಮೇಲೆ ಸುತ್ತಿದ ಕೂಸು, ತಲೆಯ ಹಿಂದೆ ಅವಳ ಬಲಗೈ, ನೀರಲ್ಲಿ ನೆನೆದು ನೆನೆದು ಸುಕ್ಕಾದ ಬೆರಳು. ಇಡೀ ಓಣಿಯ ಕೂಸುಗಳನ್ನು ಹಿಡಿದ ಆ ಕೈಯ ಚಿತ್ರ ಅದಕ್ಕೆ ಮೊದಲು ಯಾರ ಮನೆಯಲ್ಲೂ ಇರಲಿಲ್ಲ. ಅತ್ತೆಯ ಕೈ ಬಂತು, ಹಸಿರು ಬಳೆಯ ಸಮೇತ. ಹಳೆಯ ಕಲಘಟಗಿ ತೊಟ್ಟಿಲ ಅಂಚನ್ನು ಹಿಡಿದು ತೂಗುವ ಭಂಗಿ ಅದು. ಅರಗಿನ ಬಣ್ಣ ಇನ್ನೂ ಮಾಸದ ಆ ತೊಟ್ಟಿಲು ನಮ್ಮ ಬಳಗದಲ್ಲಿ ಕೂಸು ಹುಟ್ಟಿದ ಮನೆಯಿಂದ ಮನೆಗೆ ತಿರುಗುತ್ತಲೇ ಇದೆ.

ಚಿತ್ರಗಳನ್ನು ತನ್ನ ಜಾಹೀರಾತಿಗೆ ಬಳಸಬಹುದೇ ಎಂದು ಹುಡುಗಿ ಕೇಳಿದ್ದಳು. ಬರಿಮೈಯ ಕೂಸಿನ ಚಿತ್ರ ಹೊರಗೆ ಹೋಗುವುದು ಬೇಡವೆಂದು ಮಗಳು ಬರೆದುಕೊಟ್ಟಳು, ಅವಳು ಗೌರವದಿಂದ ಒಪ್ಪಿದಳು. ಈ ಮಾತನ್ನು ದುಡ್ಡು ಕೊಡುವ ಮೊದಲೇ ಆಡಿ ಮುಗಿಸಬೇಕು. ಕೂಸಿಗೆ ತನ್ನ ಚಿತ್ರದ ಬಗ್ಗೆ ಹೇಳಲು ಬಾಯಿಲ್ಲ, ಆ ಬಾಯಿ ನಾವಾಗಬೇಕು. ಮೊಬೈಲಿನಲ್ಲಿಟ್ಟ ಚಿತ್ರ ಮೊಬೈಲಿನೊಂದಿಗೇ ಹೋಗುತ್ತದೆಂದು ಕೆಲವನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ತಾಯಿ ಕಾರ್ಡಿನ ಜೊತೆ ಕಬ್ಬಿಣದ ಟ್ರಂಕಿನಲ್ಲಿ ಇಟ್ಟೆವು. ಒಂದು ಪ್ರತಿಯನ್ನು ಆಯಿಗೆ ಕೊಟ್ಟೆವು. ಅವಳು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ನೀರು ಎರೆಯಲು ಹೋದ ಮನೆಗಳಲ್ಲೆಲ್ಲ ತೋರಿಸುತ್ತಾಳಂತೆ.

ತಂಗಿಯ ಮಗಳಿಗೆ ಈಗ ಎಂಟು ತಿಂಗಳು ತುಂಬುತ್ತಿದೆ. ಬೆಂಗಳೂರಿನಲ್ಲಿದ್ದಾಳೆ, ಹೆರಿಗೆ ಅಲ್ಲೇ. 'ಮೌಶಿ, ಯಾವ ಬಣ್ಣದ ಬಟ್ಟಿ ತರಸ್ಲಿ' ಎಂದು ಫೋನು ಮಾಡಿದ್ದಳು. ಬಟ್ಟೆ ಯಾವುದಾದರೂ ನಡೆದೀತು, ಕೆಮ್ಮು ನೆಗಡಿ ಇರುವವರನ್ನು ಆ ದಿನ ಮನೆಯೊಳಗೆ ಬಿಡಬೇಡ, ಅವರು ಫೋಟೋ ತೆಗೆಯುವವರೇ ಆಗಿದ್ದರೂ ಸರಿ ಎಂದು ಹೇಳಿದೆ. ಹಳೆಯ ಕೌದಿ ಒಗೆದು ಕೊರಿಯರ್ ಮಾಡುತ್ತೇನೆ ಎಂದೂ ಹೇಳಿದೆ. ಗಂಡನಿಗೆ ಮೊದಲೇ ಉಗುರು ತೆಗೆಯಲು ಹೇಳು, ಉಂಗುರ, ಗಡಿಯಾರ ಬಿಚ್ಚಿಟ್ಟು ಮೊಣಕೈ ತನಕ ಸೋಪು ಹಚ್ಚಿ ತೊಳೆದುಕೊಳ್ಳಲಿ. ಅವನು ಯಾಕೆಂದು ಕೇಳಿದರೆ, ಚಿತ್ರದಲ್ಲಿ ಅವನ ಕೈಯೂ ಬರಬೇಕೆಂದು ಹೇಳು.